ಹಿರೇದೇಸಾಯರ ತಮಂಚಾ ನಮ್ಮ ಕುಲುಮೆಯಲ್ಲಿ ತಂಗಿದ ರಾತ್ರಿ

ನಂಬುವವರು ನಂಬಿರಿ, ನಗುವವರು ನಗಿರಿ. ಇದನ್ನು ಹೇಳುವುದರಿಂದ ನನಗೆ ಬರುವಂಥದ್ದೇನೂ ಇಲ್ಲ. ಹೋಗಬೇಕಾದ್ದು ಅಂದೇ ಹೋಗಿದೆ. ಆದರೆ ಕಟ್ಟುಕತೆ ಎಂದು ಮಾತ್ರ ಅನ್ನಬೇಡಿ. ನಾನು ಹೇಳುತ್ತಿದ್ದೇನೆ, ನನ್ನ ತಂಗಿಯ ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ನಡುನಡುವೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ, ಮುದುಕಿಗೆ ಅರಳುಮರಳೇ ಎಂದು. ಅಲ್ಲ ತಾಯಿ, ಬರಿ. ನಿನ್ನೆ ಏನು ಉಂಡೆ ಎಂದು ಕೇಳಿದರೆ ನನಗೆ ನೆನಪಿರುವುದಿಲ್ಲ, ಆ ರಾತ್ರಿಯದು ಒಂದೊಂದೂ ನೆನಪಿದೆ. ಒಂದೇ ಒಂದನ್ನು ಬಿಟ್ಟು... ಅದನ್ನು ಕಡೆಗೆ ಹೇಳುತ್ತೇನೆ.

ಅದು ನಿಜಾಮರ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದು, ನಮ್ಮಲ್ಲಿ ಸೀಮೆಎಣ್ಣೆ, ಕಬ್ಬಿಣ ಎರಡೂ ಸಿಗದಂತಾಗಿದ್ದ ವರ್ಷಗಳು. ಯಲಬುರ್ಗಾದಿಂದ ಎರಡು ಹರದಾರಿಯ ಊರಿಗೆ, ಕಂಬಾರರ ಮನೆಗೆ, ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ತವರು ಅಳವಂಡಿ. ಅಲ್ಲೂ ಕುಲುಮೆ, ಇಲ್ಲೂ ಕುಲುಮೆ. ಮನೆಯಲ್ಲಿದ್ದವರು ಮೂವರೇ: ಅತ್ತೆ, ನಮ್ಮ ಮನೆಯವರು, ನಾನು. ಗಂಡನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಅತ್ತೆ ಕರೆಯುವಾಗ ನಿಮಗೇ ತಿಳಿಯುತ್ತದೆ.

ಅವರು ಕಬ್ಬಿಣ ಕಾಸಿ ಬಡಿಯುತ್ತಿದ್ದರು, ನಾನು ತಿದಿ ಒತ್ತುತ್ತಿದ್ದೆ. ಬೆಂಕಿಗೆ ಗಾಳಿ ಊದುವ ಚರ್ಮದ ತಿದಿ. ಬೆಂಕಿಯ ಆಚೆ ಅವರು, ಈಚೆ ನಾನು. ದಿನಕ್ಕೆ ಹತ್ತು ಮಾತೂ ಆಡುತ್ತಿರಲಿಲ್ಲ. “ಒತ್ತು” ಅನ್ನುತ್ತಿದ್ದರು, “ಸಾಕು” ಅನ್ನುತ್ತಿದ್ದರು. ಅಷ್ಟಕ್ಕೇ ನನಗೆ ಹೊಟ್ಟೆ ತುಂಬುತ್ತಿತ್ತು. ಈ ವಯಸ್ಸಿನಲ್ಲಿ ನಾಚಿಕೆ ಯಾಕೆ, ಆ ಮನುಷ್ಯನ ಮೇಲೆ ನನಗೆ ಜೀವವಿತ್ತು.

ಹಿಂದಿನ ವರ್ಷ ಐದು ತಿಂಗಳಿಗೆ ನನ್ನ ಬಸಿರು ಇಳಿದುಹೋಗಿತ್ತು. ಆಮೇಲೆ ಕೆಲವು ದಿನ ಸಂಜೆಯಾದರೆ ಬಾವಿಯ ಕಡೆಯಿಂದ ಕೂಸು ಅಳುವುದು ಕೇಳುತ್ತಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ, ಹೇಳಿಬಿಟ್ಟೆ. ತಾಯಿತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ನಾನು ಬೀದಿಗೆ ಬಂದರೆ ಓಣಿಯ ಹೆಂಗಸರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳತೊಡಗಿದರು. ಕಡೆಗೊಂದು ದಿನ ಅತ್ತೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಹೇಳಿದರು:

“ಇನ್ನೊಮ್ಮಿ ನಿನ್ನ ಬಾಯಾಗ ಗಾಳಿ ಗೀಳಿ ಅನ್ನೂ ಮಾತು ಬಂತಂದ್ರ ಅಳವಂಡಿಗೆ ಕಳಿಸಿಬಿಡ್ತೀನಿ ನೀಲವ್ವ. ಮಾನಪ್ಪಗ ಬ್ಯಾರೆ ಹೆಣ್ಣು ನೋಡ್ತೀನಿ. ನಾ ಅಂದಿದ್ದು ಮಾಡಾಕಿ, ನಿನಗ ಗೊತ್ತೈತಿ.”

ಗೊತ್ತಿತ್ತು. ಅತ್ತೆ ಕೆಟ್ಟವರಲ್ಲ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ಅಂದಿನಿಂದ ಬಾವಿಯ ಕಡೆ ಏನು ಕೇಳಿದರೂ ನಾನು ಕೇಳದವಳಂತೆ ಇದ್ದೆ. ಕ್ರಮೇಣ ಕೇಳುವುದೂ ನಿಂತಿತು.

ದಸರೆ ಮುಗಿದು ಹಿಂಗಾರಿ ಬಿತ್ತಿಗೆಯ ಗಡಿಬಿಡಿ. ಕೂರಿಗೆಯ ಹಲ್ಲು ಹರಿತ ಮಾಡಿಸಲು ರೈತರು ಬಾಗಿಲಲ್ಲಿ ಸಾಲುಹಚ್ಚಿ ಕೂತಿದ್ದರು. ಅಂಥದರಲ್ಲಿ ಒಂದು ಮಧ್ಯಾಹ್ನ ಕುದುರೆಯ ಮೇಲೆ ದೇಸಾಯರು ಬಂದರು. ರೈತರೆಲ್ಲ ಎದ್ದು ನಿಂತರು. ಆಳು ಕೆಂಪು ಬಟ್ಟೆಯ ಗಂಟೊಂದನ್ನು, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಬಿಚ್ಚಿಟ್ಟ. ಒಳಗಿದ್ದದ್ದು ಪಿಸ್ತೂಲು. ನಮ್ಮ ಕಡೆ ತಮಂಚಾ ಅನ್ನುತ್ತಿದ್ದರು.

ಅದನ್ನು ಕಣ್ಣಿಂದ ನೋಡದವರೂ ಅದರ ಕತೆ ಕೇಳಿದ್ದರು. ಈ ದೇಸಾಯರ ಮುತ್ತಜ್ಜ ಹಿರೇದೇಸಾಯರು ಎಂದರೆ ಕುಷ್ಟಗಿಯಿಂದ ಕೊಪ್ಪಳದವರೆಗೆ ಹೆಸರಾದವರು. ಕಂಪನಿ ಸರ್ಕಾರದ ದಂಡು ಅವರ ಕೋಟೆಯಂಥ ಮನೆಗೆ, ವಾಡೆಗೆ, ಮುತ್ತಿಗೆ ಹಾಕಿದಾಗ ಮೂರು ದಿನ ಬಾಗಿಲು ತೆಗೆಯಲಿಲ್ಲವಂತೆ. ಮೂರನೆಯ ರಾತ್ರಿ ಒಬ್ಬರೇ ಹೊರಗೆ ಬಂದು, ಕಡೆಯ ಗುಂಡನ್ನೂ ಹಾರಿಸಿ, ಖಾಲಿ ತಮಂಚಾವನ್ನು ದಂಡಿನ ದೊರೆಯ ಮುಖಕ್ಕೆ ಎಸೆದು ಸಿಕ್ಕಿಬಿದ್ದರಂತೆ. ಹುಣಸೆ ಮರಕ್ಕೆ ನೇಣು ಹಾಕಿದರು. ಮಣ್ಣಿನಲ್ಲಿ ಬಿದ್ದಿದ್ದ ತಮಂಚಾವನ್ನು ವಾಡೆಯವರು ಎತ್ತಿಟ್ಟುಕೊಂಡರಂತೆ. ಗೀಗೀ ಮೇಳದವರು ಅದನ್ನು ಹಾಡಿದರೆ ನಮ್ಮೂರ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಅತ್ತಿದ್ದೇನೆ.

ಆ ತಮಂಚಾಕ್ಕೆ ವಾಡೆಯಲ್ಲಿ ಪ್ರತಿವರ್ಷ ಮಹಾನವಮಿಗೆ ಖಂಡೇಪೂಜೆ. ಕತ್ತಿಗೆ, ಭರ್ಚಿಗೆ ಹಚ್ಚಿದಂತೆ ಇದಕ್ಕೂ ಕುಂಕುಮ ಹಚ್ಚುತ್ತಿದ್ದರು. ಅಷ್ಟೇ ಅಲ್ಲ, ತುಪ್ಪದಲ್ಲಿ ಕಲಸಿದ ಕುಂಕುಮವನ್ನು ಇದರ ಬಾಯಿಗೆ ಉಣಿಸುತ್ತಿದ್ದರು. ಎಷ್ಟೋ ವರ್ಷಗಳಿಂದ, ವರ್ಷಕ್ಕೊಂದು ತುತ್ತು.

“ಹೈದರಾಬಾದಿನಿಂದ ಸಾಹೇಬರು ಬರ್ತಾರ,” ಅಂದರು ದೇಸಾಯರು. “ಹಳೇ ಹತಾರ ಕೂಡಿಸೋ ಮನಶ್ಯಾ. ಬಂದೂಕು ಎಷ್ಟರ ಅದಾವು ಅವರ ಮನ್ಯಾಗ. ಇದನ್ನ ಯಾಕ ಕೇಳ್ಯಾರ ಅಂದ್ರ, ಹಿರೇದೇಸಾಯರು ಹಿಡಿದದ್ದು ಅಂತ. ಗ್ವಾಡಿಗೆ ಹಾಕಿ ಕೆಳಗ ನಮ್ಮ ಅಜ್ಜನ ಹೆಸರು ಬರಸ್ತಾರಂತ. ನಾಳೆ ಸಂಜಿಗೆ ನಾ ಕೊಪ್ಪಳಕ್ಕ ಒಯ್ಯಬೇಕು. ನಳಿಗಿ ಒಳಗ ತುಕ್ಕು ಇರಬಾರದು, ಕುದುರಿ ಎಳದ್ರ ಖಟ್ ಅಂತ ಬೀಳಬೇಕು. ತಿಳೀತೇನು?”

ಕುದುರೆ ಎಂದರೆ ಬೆಣಚುಕಲ್ಲು ಕಚ್ಚಿ ಹಿಡಿದಿರುವ ಕೊಕ್ಕು. ನಮ್ಮ ಮನೆಯವರು ತಮಂಚಾವನ್ನು ಎತ್ತಿ ಮೂಸಿದರು, ಬೆಳಕಿಗೆ ಹಿಡಿದು ನಳಿಗೆಯಲ್ಲಿ ಇಣುಕಿದರು. ಒಳಗೆ ಬರೀ ಕೆಂಪು. ಆಮೇಲೆ ಮೆಲ್ಲಗೆ ಕೇಳಿದರು:

“ತುಂಬಿದ್ದೇನರ ಐತೇನ್ರಿ ಧಣಿ, ಒಳಗ?”

ದೇಸಾಯರ ಮುಖ ಕಪ್ಪಿಟ್ಟಿತು.

“ಏನಂದಿ? ಕಡೀ ಗುಂಡ ಹಾರಿಸಿ ಖಾಲಿ ತಮಂಚಾ ಒಗದ ಮನಶ್ಯಾಂದಿದು. ಸುತ್ತ ಹಳ್ಯಾಗ ಪದ ಕಟ್ಟಿ ಹಾಡ್ತಾರ. ತುಂಬಿದ್ದೈತೇನು ಅಂತ ಕೇಳ್ತೀಯಲ್ಲ, ಗುಂಡು ಹಾರಿಸಲಾರದ ಸಿಕ್ಕಬಿದ್ರು ಅಂತೀಯೇನು ನಮ್ಮ ಅಜ್ಜಾರು?”

“ಇಲ್ರಿ ಧಣಿ. ತಪ್ಪಾತ್ರಿ.”

ರೈತರೂ ನಮ್ಮ ಮನೆಯವರನ್ನು ದುರುಗುಟ್ಟಿ ನೋಡಿದರು. ಅಲ್ಲಿಗೆ ಆ ಮಾತು ಮುಗಿಯಿತು. ಹೋಗುವಾಗ ದೇಸಾಯರು ಇನ್ನೊಂದು ಅಪ್ಪಣೆ ಮಾಡಿದರು: ಈ ರಾತ್ರಿ ತಮಂಚಾದ ಹತ್ತಿರ ಒಬ್ಬರು ಮಲಗಲೇಬೇಕು.

ಸಂಜೆ ರೈತರೆಲ್ಲ ಹೋದ ಮೇಲೆ ಅವರು ಕೆಲಸಕ್ಕೆ ಕೂತರು. ಕಟ್ಟಿಗೆಯ ಹಿಡಿಯಿಂದ ನಳಿಗೆಯನ್ನು ಬಿಡಿಸಿದರು. ಕೊಕ್ಕಿನ ಕೆಲಸ ಸುಲಭವಾಗಿತ್ತು, ಎಣ್ಣೆ ಬಿಟ್ಟು ಆಡಿಸಿದರೆ ಆಡಿತು. ನಳಿಗೆಯದೇ ಕಷ್ಟ. ಗಿಳಿಮೂತಿಯಂಥ ಸಣ್ಣ ಕೊಂಡಿಯಿಂದ ಕೆರೆದರು, ಕುಂಕುಮ ಹೆಂಟೆಹೆಂಟೆಯಾಗಿ ಉದುರಿತು. ತುಪ್ಪದ ಕಮಟು ವಾಸನೆ ಮೂಗಿಗೆ ಬಡಿಯಿತು. ಕೆರೆದೂ ಕೆರೆದೂ ಕಡೆಗೆ ಏನೂ ಬರಲಿಲ್ಲ.

ಆಗ ನಮ್ಮ ಮನೆಯ ಒಂದು ತೆಳು ಸಲಾಕೆಯನ್ನು ಒಳಗೆ ಇಳಿಸಿದರು. ತಳ ಮುಟ್ಟಿತು. ನಳಿಗೆಯ ಬಾಯಿಗೆ ಸರಿಯಾಗಿ ಸಲಾಕೆಯ ಮೇಲೆ ಅರದಿಂದ ಒಂದು ಗೆರೆ ಕೊರೆದರು. ಹೊರಗೆ ತೆಗೆದು ನಳಿಗೆಯ ಮಗ್ಗುಲಿಗೆ ಹಿಡಿದು ನೋಡಿದರು. ಸಲಾಕೆಯ ತುದಿ ನಳಿಗೆಯ ಹಿಂದಿನ ಕೊನೆಗಿಂತ ಎರಡು ಬೆರಳು ಈಚೆಗೇ ನಿಂತಿತ್ತು.

“ಹಿಂದ ತಿರುಪಿನ ಬಿರಡಿ ಇರ್ತೈತಿ,” ಅಂದರು, ನನಗೋ ತಮಗೋ. “ಎರಡ ಬೆರಳ ದಪ್ಪ ಇರಬೇಕದು. ತುಕ್ಕು ಹಿಡದು ಕುಂತೈತಿ. ಮುಂಜಾನೆ ಹಿಂದಿನ ತುದಿ ಒಂದೀಟು ಕಾಸಿದ್ರ ಬಿಚ್ಚತೈತಿ.”

ಅವರು ಕುಳ, ಕುಂಟೆ, ಗಾಡಿಯ ಹಳಿ ಬಲ್ಲವರು. ಜೀವಮಾನದಲ್ಲಿ ಒಂದು ಬಂದೂಕನ್ನು ಬಿಚ್ಚಿದವರಲ್ಲ. ಬಿರಡೆ ಎಷ್ಟು ದಪ್ಪ ಇರುತ್ತದೆ, ಉಳಿದ ಜಾಗದಲ್ಲಿ ಏನಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು... ಕೇಳೋಣವೆಂದರೆ ಕೇಳುವ ಬಾಯಿಯನ್ನು ದೇಸಾಯರು ಮಧ್ಯಾಹ್ನವೇ ಮುಚ್ಚಿಸಿದ್ದರು.

ಅವರು ಕುಲುಮೆಯಲ್ಲೇ ಮಲಗಿದರು. ನಾನು ಒಳಮನೆಯಲ್ಲಿ ಅತ್ತೆಯ ಪಕ್ಕ.

ಅಮಾವಾಸ್ಯೆಗೆ ನಾಲ್ಕೈದು ದಿನ ಉಳಿದಿದ್ದ ಕತ್ತಲು. ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ... ಎಚ್ಚರವಾಯಿತು. ಮೊದಲು ಮೌನ. ನಾಯಿಗಳ ಸದ್ದೂ ಇಲ್ಲ. ಆಮೇಲೆ ಕುಲುಮೆಯ ಕಡೆಯಿಂದ ಒಂದು ಸದ್ದು.

ಡುಬ್.

ಸ್ವಲ್ಪ ತಡೆದು ಮತ್ತೆ... ಡುಬ್.

ನಾನು ಕಂಬಾರರ ಮಗಳು, ಕಂಬಾರರ ಸೊಸೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಣ್ ಎನ್ನುತ್ತದೆ. ಇದು ಕಿಣ್ ಎನ್ನಲಿಲ್ಲ. ಕಬ್ಬಿಣ ಹೋಗಿ ಮೆತ್ತನೆಯದೇನನ್ನೋ ಒತ್ತುತ್ತಿದ್ದ ಸದ್ದು.

ಇವರು ನಿದ್ದೆ ಬಿಟ್ಟು ಕೆಲಸಕ್ಕೆ ಕೂತರು ಅಂದುಕೊಂಡೆ. ಬೈದುಕೊಳ್ಳುತ್ತಲೇ ಎದ್ದೆ. ಇದ್ದಲಿ ದೂಳಿನಲ್ಲಿ ಕೂತವರಿಗೆ ಗಂಟಲು ಒಣಗಿರುತ್ತದೆ ಎಂದು ತಂಬಿಗೆಯಲ್ಲಿ ನೀರು ತುಂಬಿಕೊಂಡೆ. ಅತ್ತೆಗೆ ಎಚ್ಚರವಾಗದಂತೆ ಕಾಲ್ಬೆರಳ ಮೇಲೆ ನಡೆದು ಕುಲುಮೆಯ ಬಾಗಿಲು ದಾಟಿದೆ.

ಗೂಡಿನಲ್ಲಿ ಕುಸುಬೆ ಎಣ್ಣೆಯ ದೀಪ ಸಣ್ಣಗೆ ಉರಿಯುತ್ತಿತ್ತು. ಅಡಿಗಲ್ಲಿನ ಮುಂದೆ, ನನಗೆ ಬೆನ್ನು ಮಾಡಿ, ಅವರು ಕೂತಿದ್ದರು. ಮೊಳಕಾಲ ನಡುವೆ ನಳಿಗೆಯನ್ನು ನೆಟ್ಟಗೆ ಹಿಡಿದು ಸಲಾಕೆಯನ್ನು ಒಳಗೆ ಬಿಡುತ್ತಿದ್ದರು. ಡುಬ್. ಮೂರನೆಯದು.

ಒಂದು ವಾಸನೆ ಬಂತು. ಕುಂಕುಮದ ಕಮಟಲ್ಲ, ಇದ್ದಲಿಯದಲ್ಲ. ಬೆವತ ಕುದುರೆಯ ವಾಸನೆ. ದೇಸಾಯರ ಕುದುರೆ ಮಧ್ಯಾಹ್ನ ಬಾಗಿಲಲ್ಲೇ ನಿಂತಿತ್ತಲ್ಲ, ಅದರದೇ ಇರಬೇಕು ಅಂದುಕೊಂಡೆ. ಮನಸ್ಸು ಎಷ್ಟು ಬೇಗ ಒಂದು ಕಾರಣ ಹುಡುಕಿಕೊಳ್ಳುತ್ತದೆ ನೋಡಿ...

ಮಾತಾಡಿಸಲಿಲ್ಲ. ಬಗ್ಗಿ ತಂಬಿಗೆಯನ್ನು ಅವರ ಬಲಗೈಯ ಪಕ್ಕ ಇಟ್ಟೆ. ಆಗ ಆ ಕೈ ಕಂಡಿತು.

ಉದ್ದನೆಯ ಬೆರಳು. ಹಸನಾದ ಉಗುರು. ಕಿರುಬೆರಳಿನಲ್ಲಿ ಉಂಗುರ.

ನಮ್ಮ ಮನೆಯವರ ಉಗುರಿನ ಕಪ್ಪು ಮದುವೆಯ ಅರಿಷಿಣಕ್ಕೂ ಹೋಗಿರಲಿಲ್ಲ. ಆ ಕೈ ಸಲಾಕೆಯನ್ನು ನಳಿಗೆಯ ಬಾಯಿಯ ಹತ್ತಿರ ಎರಡು ಬೆರಳಿನಲ್ಲಿ ಚಿಮುಟಿ ಹಿಡಿಯಿತು. ಹಾಗೆಯೇ ಹಿಡಿದು ಹೊರಗೆ ಎಳೆಯಿತು. ನಳಿಗೆಯ ಮಗ್ಗುಲಿಗೆ ಇಟ್ಟು ಅಳೆಯಿತು. ಸಂಜೆ ಇವರು ಮಾಡಿದಂತೆಯೇ, ಚೂರೂ ಹೆಚ್ಚುಕಡಿಮೆಯಿಲ್ಲದೆ. ಅಳೆದದ್ದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿತ್ತು... ನನಗೆ ಕಾಣಲಿ ಎನ್ನುವಂತೆ.

ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

ಅಷ್ಟರಲ್ಲಿ ನನ್ನ ಹಿಂದಿನಿಂದ, ಬಾಗಿಲ ಪಕ್ಕದ ಕತ್ತಲಿನಿಂದ, ನಿದ್ದೆಗಣ್ಣಿನ ದನಿ ಕೇಳಿತು.

“ಯಾರದು... ನೀಲೀ?”

ತಿರುಗಿದೆ. ಕಂಬಳಿ ಹೊದ್ದು ಚಾಪೆಯ ಮೇಲೆ ಮಲಗಿದ್ದರು ನಮ್ಮ ಮನೆಯವರು. ಬರುವಾಗ ಅವರ ಕಾಲ ಪಕ್ಕದಲ್ಲೇ ಹಾದು ಬಂದಿದ್ದೆ, ಕಂಡಿರಲಿಲ್ಲ. ಮತ್ತೆ ಅಡಿಗಲ್ಲಿನ ಕಡೆ ನೋಡಿದರೆ ಯಾರೂ ಇಲ್ಲ. ನಳಿಗೆ ಕೆಂಪು ಬಟ್ಟೆಯ ಮೇಲೆ ಮಲಗಿತ್ತು. ಸಲಾಕೆ ಅಡಿಗಲ್ಲಿಗೆ ಅಡ್ಡವಾಗಿ ಬಿದ್ದಿತ್ತು.

“ಏನ ಮಾಡಾಕ್ಹತ್ತಿ ಈ ಹೊತ್ತಿನ್ಯಾಗ?”

“ನೀರು... ನೀರು ತಂದಿದ್ನಿರಿ.”

“ಇಟ್ಟ ಹೋಗು. ಮಕ್ಕೋ.”

ಹೇಳಬೇಕೆಂದು ಬಾಯಿ ತೆರೆದೆ. ನಿಜವಾಗಿ ತೆರೆದೆ. ಅದೇ ಹೊತ್ತಿಗೆ ಒಳಮನೆಯಲ್ಲಿ ಅತ್ತೆ ಕೆಮ್ಮಿದರು. ಎಚ್ಚರವಿದ್ದವರ ಕೆಮ್ಮು. ನನಗೆ ಅಳವಂಡಿಯ ದಾರಿ ಕಣ್ಣಮುಂದೆ ಬಂತು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಕಸ ಹೊಡೆಯಲು ಹೋದ ಅತ್ತೆ ತಂಬಿಗೆ ಎತ್ತಿಕೊಂಡು ಬಂದರು. ಒಂದು ಹನಿ ನೀರಿರಲಿಲ್ಲ.

“ರಾತ್ರಿ ನೀರ ಕುಡದೇನು ಮಾನಪ್ಪ?”

“ಇಲ್ಲಬೇ. ನಾ ಎದ್ದೇ ಇಲ್ಲ.”

ಅತ್ತೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಪ್ರಶ್ನೆಯೂ ಇತ್ತು, ಎಚ್ಚರಿಕೆಯೂ ಇತ್ತು.

“ನಾನ ಕುಡದೆ ಅತ್ತಿ,” ಅಂದೆ. “ನೀರಡಿಕಿ ಆಗಿತ್ತು.”

ಒಂದು ಸುಳ್ಳು. ಒಂದು ತಂಬಿಗೆ ನೀರಿನ ಸುಳ್ಳು. ಇಷ್ಟು ವರ್ಷ ಉಂಡರೂ ಅದು ನನಗೆ ಅರಗಿಲ್ಲ.

ಅವರು ಕುಲುಮೆಗೆ ಇದ್ದಲಿ ತುಂಬಿ ಬೆಂಕಿ ಮಾಡಿದರು. ನಳಿಗೆಯ ಹಿಂದಿನ ತುದಿಯನ್ನು ಕೆಂಡದೊಳಗೆ ಸರಿಸಿ, ಮುಂದಿನ ತುದಿಯನ್ನು ಇಕ್ಕಳದಿಂದ ಹಿಡಿದು ಕೂತರು. ಕಾಸಬೇಕಾದದ್ದು ಹಿಂದಿನ ತುದಿ. ಹಾಗೆ ಇಟ್ಟರೆ ಬಾಯಿ ಯಾರ ಕಡೆ ಇರುತ್ತದೆ, ನೀವೇ ಹೇಳಿ. ಕುಳ ಕಾಸಿದರೂ ಹಾಗೆಯೇ ಹಿಡಿಯುವುದು, ಕುಡುಗೋಲು ಕಾಸಿದರೂ ಹಾಗೆಯೇ. ಕೈಗೆ ಬೇರೆ ರೂಢಿ ಗೊತ್ತಿಲ್ಲ.

ನಾನು ತಿದಿಯ ಹತ್ತಿರ ಕೂತೆ. ಕೈ ಇಟ್ಟೆ, ಒತ್ತಲಿಲ್ಲ.

“ಕೇಳ್ರಿಲ್ಲೆ...” ಅಂದೆ.

“ಏನು?”

ಅತ್ತೆ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಮೊರದ ಸದ್ದು ನಿಂತಿತು.

“ಏನಿಲ್ರಿ... ಇನ್ನೊಮ್ಮಿ ಸಲಾಕಿ ಬಿಟ್ಟು ಅಳತಿ ನೋಡ್ರಿ.”

“ನಿನ್ನೆ ನೋಡೀನಲ್ಲ. ನೀನೂ ಇದ್ದೆಲ್ಲ.”

“ಇನ್ನೊಮ್ಮಿ ನೋಡಿದ್ರ ಏನಾಕ್ಕೈತ್ರಿ?”

ಅವರು ನನ್ನ ಮುಖ ನೋಡಿದರು. ನಕ್ಕರು. ಆ ನಗು ನನಗೆ ಇನ್ನೂ ಹಾಗೆಯೇ ಇದೆ. “ಯಾಕ? ರಾತ್ರಿ ಕನಸಿನ್ಯಾಗ ಹಿರೇದೇಸಾಯರು ಬಂದಿದ್ರೇನು?”

ಅವರು ತಮಾಷೆಗೆ ಕೇಳಿದ್ದು. ಹೂಂ ಅನ್ನಬಹುದಿತ್ತು. ಒಂದೇ ಅಕ್ಷರ.

“ಅಳತಿ ಪಳತಿ ಅವಗ ಗೊತ್ತೈತಿ,” ಬಾಗಿಲಿನಿಂದ ಅತ್ತೆಯ ದನಿ ಬಂತು. “ಹೊರಗ ರೈತರು ಕುಂತಾರ. ನೀ ತಿದಿ ಒತ್ತು ಸಾಕು.”

ಒತ್ತಿದೆ.

ಕೆಂಡ ಕೆಂಪಾಯಿತು. ಸಣ್ಣಗೆ ತುಪ್ಪ ಸುಟ್ಟ ವಾಸನೆ ಬಂತು, ಹಿಂದೆಯೇ ಬೆವತ ಕುದುರೆಯ ವಾಸನೆ. ಹೊರಗೆ ನೋಡಿದೆ. ಕುದುರೆ ಇರಲಿಲ್ಲ. ನನ್ನ ಕೈ ಮಾತ್ರ ಒತ್ತುತ್ತಲೇ ಇತ್ತು. ಅವರು ಕಬ್ಬಿಣದ ಬಣ್ಣ ನೋಡಲು ಬಗ್ಗಿದರು.

ತೋಪು ಹಾರಿದಂತೆ ಸದ್ದಾಗುತ್ತದೆ ಅಂದುಕೊಳ್ಳುತ್ತೀರಿ. ಅಷ್ಟಿರಲಿಲ್ಲ. ದಪ್ಪ ಬಿದಿರು ಸೀಳಿದಷ್ಟು ಸದ್ದು. ಬೂದಿ ಎದ್ದು ಏನೂ ಕಾಣದಾಯಿತು. ಬೂದಿ ಇಳಿದಾಗ ಅವರು ಕೂತೇ ಇದ್ದರು, ಗೋಡೆಗೆ ಒರಗಿ. ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಬೆರಳ ಸಂದಿಯಿಂದ ಇಳಿಯುತ್ತಿದ್ದದ್ದನ್ನು ನಾನು ಕುಂಕುಮ ಎಂದೇ ತಿಳಿದೆ.

“ನೀಲೀ,” ಅಂದರು. “ಸಾಕು. ತಿದಿ ನಿಲ್ಲಸು.”

ಆಗ ನೋಡಿಕೊಂಡೆ. ನನ್ನ ಕೈ ಇನ್ನೂ ಒತ್ತುತ್ತಿತ್ತು.

ಅವರ ಕಡೆಯ ಮಾತು ಅದೇ. ಯಲಬುರ್ಗಾದಿಂದ ಡಾಕ್ಟರನ್ನು ಕರೆತರಲು ರೈತನೊಬ್ಬ ಗಾಡಿ ಕಟ್ಟಿದ. ಊರ ಅಗಸೆಬಾಗಿಲು ದಾಟುವ ಮೊದಲೇ ಅವನನ್ನು ಹಿಂದಕ್ಕೆ ಕರೆದರು.

ಸಂಜೆ ದೇಸಾಯರೂ ಬಂದರು, ಯಲಬುರ್ಗಾದ ಪೊಲೀಸ್ ಅಮೀನರೂ ಬಂದರು. ಪಂಚನಾಮೆ ನಡೆಯಿತು. ನಾನು ಗೋಡೆಯ ಆಚೆ ಕೂತು ಕೇಳುತ್ತಿದ್ದೆ. ಗಾಯ ನೋಡಿದವರು ಯಾರೋ ಗುಂಡು ಅಂದರು. ದೇಸಾಯರು ದನಿ ಏರಿಸಲಿಲ್ಲ.

“ಗುಂಡು ಎಲ್ಲಿಂದ ಬರ್ತೈತ್ರಿ ಅಮೀನಸಾಬ್ರ? ಕಡೀ ಗುಂಡು ನಮ್ಮ ಅಜ್ಜಾರು ಹಾರಿಸ್ಯಾರ. ಊರಿಗೆಲ್ಲ ಗೊತ್ತಿದ್ದದ್ದು. ಕಾದ ಕಬ್ಬಿಣ ಸಿಡದು ಚೂರು ಬಡದೈತಿ. ಅವಗ ಕೆಲಸ ಬರತಿದ್ದಿಲ್ಲ, ಪಾಪ.”

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಗುಂಡು ಎಂದು ಬರೆಸಿದರೆ ಹಿರೇದೇಸಾಯರು ಅದನ್ನು ಹಾರಿಸದೆ ಕೈಯೊಡ್ಡಿ ಸಿಕ್ಕಿಬಿದ್ದರು ಎಂದಾಗುತ್ತದೆ. ಹಾಗೆ ಬರೆಸುವ ಎದೆ ಆ ಊರಿನಲ್ಲಿ ಯಾರಿಗಿತ್ತು? ಕಾಗದದಲ್ಲಿ ಬಿದ್ದದ್ದು ಇಷ್ಟು: ಕಂಬಾರನ ಅಜಾಗರೂಕತೆ. ಗುಂಡು ಅವರ ಎದೆಯೊಳಗೇ ಉಳಿಯಿತು, ಅವರೊಂದಿಗೇ ಹೋಯಿತು. ನಳಿಗೆಯನ್ನು, ಕಟ್ಟಿಗೆಯ ಹಿಡಿಯನ್ನು ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಒಯ್ದರು. ಹೈದರಾಬಾದಿನ ಸಾಹೇಬರು ಅದನ್ನು ಹಾಗೆಯೇ ಇಸಕೊಂಡರಂತೆ. ಗೋಡೆಗೆ ಹಾಕಿ ಕೆಳಗೆ ಹಿರೇದೇಸಾಯರ ಹೆಸರು ಬರೆಸಿದರಂತೆ. ಗೀಗೀ ಪದದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಅದು ಕಿವಿಗೆ ಬಿದ್ದರೆ ನಾನು ಎದ್ದು ಬರುತ್ತೇನೆ.

ಅತ್ತೆ ನನ್ನನ್ನು ಅಳವಂಡಿಗೆ ಕಳಿಸಲಿಲ್ಲ. ಅಣ್ಣ ಕರೆಯಲು ಬಂದರೆ, “ಇಲ್ಲೇ ಇರ್ತಾಳ” ಎಂದು ತಿರುಗಿ ಕಳಿಸಿದರು. ಇಬ್ಬರೇ ಇದ್ದೆವು. ಒಂದು ವರ್ಷ ಕಳೆದ ಮೇಲೆ, ಅವರು ರೊಟ್ಟಿ ಬಡಿಯುತ್ತಿದ್ದಾಗ, ನಾನು ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಆ ಕೈ, ಉಂಗುರ, ಅಳತೆ, ತಂಬಿಗೆ. ಅತ್ತೆಯ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

“ಹೇಳಬೇಕಿತ್ತವ್ವ ನೀನು,” ಅಂದರು.

“ಹೇಳಿದ್ರ ಕೇಳ್ತಿದ್ರೇನ್ರಿ ಅತ್ತಿ?”

ಅತ್ತೆ ರೊಟ್ಟಿಯನ್ನು ಹೆಂಚಿನಿಂದ ಎತ್ತಿದರು.

“ಇಲ್ಲ,” ಅಂದರು. ಕರಕಾದ ರೊಟ್ಟಿಯನ್ನು ತಮ್ಮ ತಾಟಿಗೆ ಹಾಕಿಕೊಂಡು ಇನ್ನೊಂದು ಬಡಿಯತೊಡಗಿದರು. ಅವರು ಸಾಯುವವರೆಗೆ ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಮೊದಲಿಗೆ ಹೇಳಿದ ಆ ಒಂದು ಸಂಗತಿ. ನನಗೆ ನೆನಪಿಲ್ಲದ್ದು.

ಆ ಸಲಾಕೆ ನಮ್ಮದು, ಹಾಗಾಗಿ ಮನೆಯಲ್ಲೇ ಉಳಿಯಿತು. ಇವತ್ತಿಗೂ ಇದೆ. ಅವರು ಅರದಿಂದ ಕೊರೆದ ಗೆರೆ ಹಾಗೆಯೇ ಇದೆ, ಬೆರಳಾಡಿಸಿದರೆ ತಾಗುತ್ತದೆ. ಆ ರಾತ್ರಿ ಆ ಕೈ ಸಲಾಕೆಯನ್ನು ಚಿಮುಟಿ ಹಿಡಿಯಿತಲ್ಲ... ಹಿಡಿದದ್ದು ಸರಿಯಾಗಿ ಆ ಗೆರೆಯಲ್ಲಿಯೇ? ಅಥವಾ ಗೆರೆಗಿಂತ ಕೆಳಗೆ, ತುದಿಯ ಕಡೆಗೆಯೇ?

ಗೆರೆಯಲ್ಲಿಯೇ ಹಿಡಿದಿದ್ದರೆ ಆಳ ಸಂಜೆಯಷ್ಟೇ, ಒಳಗಿದ್ದ ಗುಂಡು ಮೊದಲಿನಿಂದಲೂ ಇತ್ತು. ಹಾರಿಸಲಾಗದ ಗುಂಡನ್ನು ಒಳಗೇ ಬಿಟ್ಟುಹೋದವನು, ಕಂಬಾರನ ಜೀವ ಉಳಿಯಲಿ ಎಂದು ತೋರಿಸಲು ಬಂದಿದ್ದ. ಹಾಗಾದರೆ ನನ್ನ ಗಂಡನನ್ನು ಕೊಂದದ್ದು ನನ್ನ ಬಾಯಿ.

ಗೆರೆಗಿಂತ ಕೆಳಗೆ ಹಿಡಿದಿದ್ದರೆ ಸಲಾಕೆ ಸಂಜೆಯಷ್ಟು ಆಳಕ್ಕೆ ಇಳಿದಿರಲಿಲ್ಲ. ಸಂಜೆ ಖಾಲಿಯಿದ್ದದ್ದು ರಾತ್ರಿ ತುಂಬಿತ್ತು. ಆ ಮೂರು ಡುಬ್ ಸದ್ದು ಅವನು ಜಡಿದು ತುಂಬಿದ್ದು. ಹಾಗಾದರೆ ನಾನು ಹೇಳಿದ್ದರೂ ಬಿಟ್ಟರೂ ಒಂದೇ.

ನಾನು ಅಂದು ಉಂಗುರ ನೋಡಿದೆ, ಉಗುರು ನೋಡಿದೆ. ಗೆರೆ ನೋಡಲಿಲ್ಲ.

ಆತ ಬಂದಾನೆಂದು ನನಗೆ ಹೆದರಿಕೆಯಿಲ್ಲ, ಬರಲಾರನೇನೋ ಎಂದು ಹೆದರಿಕೆ. ಬಂದರೆ ಒಂದು ಮಾತು ಕೇಳಬೇಕು, ಅಷ್ಟೇ. ಕುಲುಮೆ ತಣ್ಣಗಾಗಿ ಎಷ್ಟೋ ವರ್ಷವಾಯಿತು, ನನ್ನ ಹಾಸಿಗೆ ಅಲ್ಲೇ. ಅಡಿಗಲ್ಲಿನ ಮೇಲೆ ಸಲಾಕೆ ಇಡುತ್ತೇನೆ. ಪಕ್ಕದಲ್ಲಿ ತಂಬಿಗೆ ತುಂಬ ನೀರು ಇಡುತ್ತೇನೆ. ಎಲ್ಲಾದರೂ ಮೆತ್ತಗೆ ಸದ್ದಾದರೆ ಉಸಿರು ಹಿಡಿದು ಕೇಳುತ್ತೇನೆ...

ಬೆಳಿಗ್ಗೆ ಎದ್ದು ನೋಡಿದರೆ ತಂಬಿಗೆ ತುಂಬಿದ್ದು ತುಂಬಿದ ಹಾಗೆಯೇ ಇರುತ್ತದೆ.